ಅರ್ಧ ಮನೆ ಮೇಲೆ, ಅರ್ಧ ಮನೆ ಕೆಳಗೆ

ಶ್ರುತಿ ಬದಲಾದಾಗ ಪಕ್ಕವಾದ್ಯದವರಲ್ಲಿ ಯಾರಿಗೆ ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಸುಗಮ ಸಂಗೀತದ ರಿಹರ್ಸಲ್ಲಿಗೆ ಬರಬೇಕು. ಹಾಡುವ ಮೇಡಂ ಬಂದು ಕೂತು, ಫ್ಲಾಸ್ಕಿನಿಂದ ಎರಡು ಗುಟುಕು ಬಿಸಿನೀರು ಕುಡಿದು, ‘ಎ ಶಾರ್ಪ್ ಇವತ್ತು ಬೇಡ ಸರ್, ಅರ್ಧ ಮನೆ ಇಳಿಸೋಣ್ವಾ? ಸ್ವಲ್ಪ ನೆಗಡಿ’ ಅನ್ನುತ್ತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿಯನ್ನು ಒಂದು ಸಲ ಒತ್ತಿ ಮೊಬೈಲ್ ನೋಡತೊಡಗುತ್ತಾರೆ. ಕೊಳಲಿನವರು ಉದ್ದನೆಯ ಚೀಲದ ಜಿಪ್ ಎಳೆದು, ಸಾಲಾಗಿ ಮಲಗಿದ ಕೊಳಲುಗಳ ಮೇಲೆ ಬೆರಳಾಡಿಸಿ, ಒಂದನ್ನು ಹೊರಗೆ ತೆಗೆದು ಊದಿ, ಇದಲ್ಲ ಎಂದು ತಲೆಯಾಡಿಸಿ ಇನ್ನೊಂದನ್ನು ಎತ್ತುತ್ತಾರೆ. ತಬಲಾದವರು ಸುತ್ತಿಗೆ ಕೈಗೆ ತೆಗೆದುಕೊಳ್ಳುವ ಮೊದಲು ಮೇಡಂ ಮುಖವನ್ನು ಒಂದು ಗಳಿಗೆ ನೋಡುತ್ತಾರೆ. ಆ ನೋಟದಲ್ಲಿ ಏನಿದೆ ಎಂದು ನಾನು ಬರೆಯಲಾರೆ. ಅವರು ನಮ್ಮ ಮುಂದಿನ ಕಾರ್ಯಕ್ರಮಕ್ಕೂ ಬರಬೇಕು.

ಗಿಟಾರಿನವನಾದ ನಾನು ಮಾಡಬೇಕಾದದ್ದು ಇಷ್ಟೆ: ಮೂರನೇ ಫ್ರೆಟ್‌ನಲ್ಲಿರುವ ಕ್ಯಾಪೋವನ್ನು ಬಿಚ್ಚಿ ಎರಡನೇ ಫ್ರೆಟ್‌ಗೆ ಹಾಕಿಕೊಳ್ಳುವುದು. ಬೆರಳುಗಳು ಆಗಲೂ ಜಿ ಕಾರ್ಡ್ ಹಿಡಿದಿದ್ದವು, ಈಗಲೂ ಅದನ್ನೇ ಹಿಡಿಯುತ್ತವೆ. ಆಗ ಕೇಳುತ್ತಿದ್ದದ್ದು ಎ ಶಾರ್ಪ್, ಈಗ ಎ. ‘ನಿಮ್ದೇ ಸುಖ ಕಣ್ರೀ’ ಎಂದು ಕೊಳಲಿನವರು ಪ್ರತಿ ಸಲ ಹೇಳುತ್ತಾರೆ. ಪ್ರತಿ ಸಲ ನಾನು ಒಪ್ಪಿಕೊಳ್ಳುತ್ತೇನೆ.

ಗಿಟಾರ್ ಹಿಡಿಯದವರಿಗಾಗಿ ಎರಡು ಮಾತು. ಕುತ್ತಿಗೆಯ ಹಲಗೆಯ ಮೇಲೆ ಅಡ್ಡಡ್ಡ ಕೂತ ಲೋಹದ ಪಟ್ಟಿಗಳು ಫ್ರೆಟ್, ಒಟ್ಟಿಗೆ ಹಿಡಿದು ನುಡಿಸುವ ಸ್ವರಗಳ ಗುಂಪು ಕಾರ್ಡ್. ಗಿಟಾರಿನ ಸೊಗಸು ಇರುವುದು ಬೆರಳು ಮುಟ್ಟದೆ ಬಿಟ್ಟ ತಂತಿಗಳಲ್ಲಿ. ಸಿ, ಎ, ಜಿ, ಇ, ಡಿ ಈ ಐದು ಕಾರ್ಡುಗಳಲ್ಲಿ ಎರಡು ಮೂರು ತಂತಿಗಳಾದರೂ ತಾವಾಗಿಯೇ ಬಿಡಿಯಾಗಿ ಮೊಳಗುತ್ತವೆ. ನಮ್ಮ ಗಾಯಕ ಗಾಯಕಿಯರಿಗೋ ಸಿ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್ ಎಂದರೆ ಪ್ರಾಣ. ಅಲ್ಲಿ ಬಿಟ್ಟ ತಂತಿಗಳಿಗೆ ಕೆಲಸವಿಲ್ಲ, ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿ ಬಾರ್ ಕಾರ್ಡ್ ಹಿಡಿಯಬೇಕು. ಆ ಬೆರಳಿನ ಕೆಲಸವನ್ನು ಒಂದು ಪಟ್ಟಿಗೆ ಒಪ್ಪಿಸಿದರೆ ಅದೇ ಕ್ಯಾಪೋ. ಒಂದು ಫ್ರೆಟ್ ಮೇಲೆ ಹೋದರೆ ಹೆಚ್ಚುಕಡಿಮೆ ಅರ್ಧ ಮನೆ ಏರುತ್ತದೆ. ಹೆಚ್ಚುಕಡಿಮೆ ಅಂದದ್ದು ಯಾಕೆಂದರೆ ಮೂರು ಮನೆಗೂ ನಾಲ್ಕು ಮನೆಗೂ ನಡುವೆ ನಮ್ಮವರ ಲೆಕ್ಕದಲ್ಲಿ ಅರ್ಧವೇ ಇಲ್ಲ. ಹಾರ್ಮೋನಿಯಂ ನೋಡಿದವರಿಗೆ ಗೊತ್ತು, ಅಲ್ಲಿ ಕಪ್ಪು ಮನೆ ಬಿಟ್ಟುಹೋಗಿದೆ.

ಪಳಗಿದ ಪಕ್ಕವಾದ್ಯದವರ ಒಂದು ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಡು ಜಿ ಶ್ರುತಿಯಲ್ಲಿದ್ದರೂ ಅವರು ಬರಿಯ ಗಿಟಾರಿನಲ್ಲಿ ಜಿ ಹಿಡಿದು ಕೂರುವುದಿಲ್ಲ. ಕ್ಯಾಪೋವನ್ನು ಮೂರರಲ್ಲಿ ಹಾಕಿ ಇ ಕಾರ್ಡ್ ಹಿಡಿಯುತ್ತಾರೆ. ಏರಿಸಲು ಕ್ಯಾಪೋಗೆ ಬರುತ್ತದೆ, ಇಳಿಸಲು ಬರುವುದಿಲ್ಲ. ಕೆಳಗೆ ಎರಡು ಮೂರು ಫ್ರೆಟ್ ಜಾಗ ಮೊದಲೇ ಇಟ್ಟುಕೊಂಡರೆ ನೆಗಡಿ ಯಾವ ಗಳಿಗೆಯಲ್ಲಿ ಬಂದರೂ ಸರಿ.

ಗಾಯಕರ ಗಂಟಲಿಗೆ ಗಿಟಾರ್ ಹೊಂದಿಕೊಳ್ಳುವ ಈ ಪದ್ಧತಿ ನಮ್ಮ ಬೆಂಗಳೂರಿನದು ಮಾತ್ರವಲ್ಲ, ಸ್ಪೇನಿನ ಆಂಡಲೂಸಿಯಾದ್ದೂ ಹೌದು. ಫ್ಲಮೆಂಕೋ ಹಾಡುವವನು ಗಿಟಾರಿನವನಿಗೆ ‘ನಾಲ್ಕರಲ್ಲಿ, ಪೋರ್ ಮೇದಿಯೋ’ ಎನ್ನುತ್ತಾನೆ. ಕ್ಯಾಪೋ ನಾಲ್ಕನೇ ಫ್ರೆಟ್‌ನಲ್ಲಿರಲಿ, ಕೈ ಎ ಕಾರ್ಡಿನ ಸುತ್ತ ಓಡಾಡಲಿ ಎಂದರ್ಥ. ಇ ಕಾರ್ಡಿನ ಸುತ್ತ ಬೇಕಾದರೆ ‘ಪೋರ್ ಅರೀಬಾ’. ಸ್ವರದ ಹೆಸರು ಇಬ್ಬರಿಗೂ ಬೇಕಿಲ್ಲ. ಯಕ್ಷಗಾನದ ಚೌಕಿಯಲ್ಲಿ ಭಾಗವತರು ‘ಕಪ್ಪು ಎರಡು’ ಅಥವಾ ‘ಬಿಳಿ ಐದು’ ಎಂದರೆ ಚೆಂಡೆಯವರಿಗೆ ಎಲ್ಲವೂ ತಿಳಿಯುತ್ತದಲ್ಲ, ಇದೂ ಅದೇ ಸಂಪ್ರದಾಯ. ಫ್ಲಮೆಂಕೋದವರ ಕ್ಯಾಪೋ ನೋಡಲು ಚೆಂದ: ಬೆರಳುದ್ದದ ಕರಿಮರ ಅಥವಾ ಬೀಟೆಯ ಪಟ್ಟಿ, ಅದರ ಅಡಿಗೆ ತೊಗಲು, ಮೇಲೆ ಪಿಟೀಲಿನ ಬಿರಡೆಯಂಥದೇ ಒಂದು ಪುಟ್ಟ ಬಿರಡೆ. ಬಿರಡೆಗೆ ಕಟ್ಟಿದ ತಂತಿಯನ್ನು ಗಿಟಾರಿನ ಕುತ್ತಿಗೆಗೆ ಬಳಸಿ ತಂದು ಸಿಕ್ಕಿಸಿ, ಬಿರಡೆ ತಿರುಗಿಸಿದರೆ ಪಟ್ಟಿ ಬಿಗಿಯುತ್ತದೆ. ಸ್ಪ್ರಿಂಗಿಲ್ಲ, ಸ್ಕ್ರೂ ಇಲ್ಲ. ಬಿಗಿ ಎಷ್ಟು ಎಂಬುದನ್ನು ಹೇಳುವುದು ತಿರುಗಿಸುವ ಬೆರಳೇ.

ಪಾಕೋ ದೆ ಲೂಸಿಯಾನಂಥ ಗಿಟಾರ್ ವಾದಕ ಜೀವನವಿಡೀ ಕ್ಯಾಪೋ ಹಾಕಿಕೊಂಡು ನುಡಿಸಿದ. ಇದನ್ನು ಒತ್ತಿ ಹೇಳಲು ಕಾರಣವಿದೆ. ನನಗೆ ಕಲಿಸಿದ ಮೇಷ್ಟ್ರಿಗೆ ಕ್ಯಾಪೋ ಕಂಡರೆ ಆಗುತ್ತಿರಲಿಲ್ಲ. ‘ಬಾರ್ ಹಿಡಿಯೋಕೆ ಬರ್ದೇ ಇರೋರಿಗೆ ಕಣಯ್ಯ ಅದು. ಬೆರಳಿಲ್ವ ನಿನಗೆ?’ ಎನ್ನುತ್ತಿದ್ದರು. ಬೆರಳಿತ್ತು. ಅದು ಕ್ಯಾಪೋದ ಕೆಲಸಕ್ಕೆ ಹೋದ ಮೇಲೆ ಕಾರ್ಡ್ ಹಿಡಿಯಲು ಉಳಿಯುತ್ತಿದ್ದದ್ದು ಮೂರೇ. ಬಿಟ್ಟ ತಂತಿಯ ಮೊಳಗನ್ನು ಜಿ ಶಾರ್ಪಿನಲ್ಲೂ ಕೇಳಿಸುವ ದಾರಿ ಬಾರ್ ಕಾರ್ಡಿನಲ್ಲಿ ಇಲ್ಲ. ಮೇಷ್ಟ್ರ ಎದುರು ಇದನ್ನು ವಾದಿಸುವ ಧೈರ್ಯ ಯಾವ ಶಿಷ್ಯನಿಗೂ ಇರಲಿಲ್ಲ, ಅದು ಬೇರೆ ಮಾತು.

ಆದ್ದರಿಂದ ನಮ್ಮ ಮೊದಲ ಕ್ಯಾಪೋಗಳು ಕದ್ದುಮುಚ್ಚಿ ತಯಾರಾದವು: ಕೆಂಪು ಕಪ್ಪು ಪಟ್ಟೆಯ ಒಂದು ಪೆನ್ಸಿಲ್, ಎರಡು ರಬ್ಬರ್ ಬ್ಯಾಂಡ್. ಪೆನ್ಸಿಲನ್ನು ತಂತಿಗಳ ಮೇಲೆ ಅಡ್ಡ ಇಟ್ಟು, ರಬ್ಬರ್ ಬ್ಯಾಂಡನ್ನು ಕುತ್ತಿಗೆಯ ಹಿಂದಿನಿಂದ ಎಳೆದು ಎರಡೂ ತುದಿಗೆ ಸಿಕ್ಕಿಸುವುದು. ಹಾಸ್ಟೆಲಿನಲ್ಲಿದ್ದ ನೈಲಾನ್ ತಂತಿಯ ಗಿಟಾರಿನ ಮೇಲೆ ಈ ಏರ್ಪಾಟು ಆಶ್ಚರ್ಯವಾಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಸ್ಟೀಲ್ ತಂತಿಯದರ ಮೇಲೆ ಹಾಕಿದರೆ ನಡುವಿನ ತಂತಿಗಳು ಸರಿಯಾಗಿ ನುಡಿದು, ಒಂದನೆಯದೂ ಆರನೆಯದೂ ಜುರ್ರೆಂದು ಅಳುತ್ತಿದ್ದವು. ಕಾರಣ ಪೆನ್ಸಿಲಿನದಲ್ಲ, ಹಲಗೆಯದು. ನೈಲಾನ್ ಗಿಟಾರಿನ ಬೆರಳು ಹಲಗೆ ಸಪಾಟು, ಅಗಲ ಸುಮಾರು 52 ಮಿಲಿಮೀಟರ್. ಸ್ಟೀಲ್ ತಂತಿಯದು ಅದಕ್ಕಿಂತ ಕಿರಿದು, 43ರಿಂದ 45 ಮಿಲಿಮೀಟರ್, ಮೇಲಾಗಿ ನಡುವೆ ಉಬ್ಬು. ಮಾರ್ಟಿನ್ ಗಿಟಾರಿನ ಉಬ್ಬು 16 ಅಂಗುಲ ತ್ರಿಜ್ಯದ ವೃತ್ತದ ತುಣುಕು, ಗಿಬ್ಸನ್ನಿನದು 12 ಅಂಗುಲದ್ದು; ಅಂಗುಲ ಕಡಿಮೆಯಾದಷ್ಟೂ ಉಬ್ಬು ಹೆಚ್ಚು. ನೆಟ್ಟಗಿನ ಪೆನ್ಸಿಲ್ ಉಬ್ಬಿನ ಮೇಲೆ ಕೂತರೆ ಅಂಚಿನ ತಂತಿಗಳಿಗೆ ತಲುಪುವುದಿಲ್ಲ. ಬಾಗಿದ ಕ್ಯಾಪೋವನ್ನು ಸಪಾಟು ಹಲಗೆಗೆ ಹಾಕಿದರೆ ಇದರ ತದ್ವಿರುದ್ಧ: ಅಂಚು ನುಡಿಯುತ್ತದೆ, ನಡು ಅಳುತ್ತದೆ. ಅಂಗಡಿಯಲ್ಲಿ ‘ಎಲ್ಲಾದಕ್ಕೂ ಇದೇ ಆಗತ್ತೆ ಸರ್’ ಎಂದು ಕೊಡುವ ಕ್ಯಾಪೋದ ಬಗ್ಗೆ ಗುಮಾನಿ ಇರಬೇಕಾದದ್ದು ಇದಕ್ಕೇ.

ಪೆನ್ಸಿಲಿನ ಅಣ್ಣನಂತೆ ಇಲಾಸ್ಟಿಕ್ ಪಟ್ಟಿಯ ಕ್ಯಾಪೋ ಇದೆ. ತೂಕವಿಲ್ಲ, ಜೇಬಿನಲ್ಲಿ ಗೊತ್ತೇ ಆಗುವುದಿಲ್ಲ, ಹಾಕಲು ಎರಡೂ ಕೈ ಬೇಕು, ಎಳೆಯುವಾಗ ತಂತಿಗಳನ್ನೂ ಪಕ್ಕಕ್ಕೆ ಎಳೆದುಬಿಡುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಈಗ ಎಲ್ಲೆಲ್ಲೂ ಕಾಣುವುದು ಸ್ಪ್ರಿಂಗಿನದು. ಟೆಕ್ಸಾಸಿನ ಮಿಲ್ಟನ್ ಕೈಸರ್ 1980ರ ಸುಮಾರಿಗೆ ತಂದದ್ದು ಈ ಜಾತಿಗೆ ಹೆಸರು ಕೊಟ್ಟಿತು. ಆಮೇಲೆ ಜಗತ್ತಿನಲ್ಲಿ ಅಚ್ಚು ಎರಕ ಗೊತ್ತಿದ್ದವರೆಲ್ಲ ಅದನ್ನು ಮಾಡಿದರು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೇ ಇದರ ಕೆಲಸ: ಹಿಂಡಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ಕಚ್ಚುತ್ತದೆ. ಒಂದೇ ಕೈ ಸಾಕು. ಪಲ್ಲವಿ ಮುಗಿದು ಚರಣ ಏರುವಷ್ಟರಲ್ಲಿ ಎರಡು ಫ್ರೆಟ್ ಸರಿಸಿಬಿಡಬಹುದು. ಬೇಡವಾದಾಗ ಗಿಟಾರಿನ ತಲೆಗೇ ಕಚ್ಚಿಸಿಟ್ಟರೆ ಕಳೆಯುವುದೂ ಇಲ್ಲ. ಕ್ಯಾಪೋ ಕಳೆಯುವ ವಿಷಯದಲ್ಲಿ ಗಿಟಾರಿನವರದು ಒಂದು ದೊಡ್ಡ ಪರಂಪರೆಯೇ ಇರುವುದರಿಂದ ಇದು ಸಣ್ಣ ಗುಣವಲ್ಲ.

ಸ್ಪ್ರಿಂಗಿನ ತೊಂದರೆ ಸ್ಪ್ರಿಂಗೇ. ಎಷ್ಟು ಒತ್ತಬೇಕೆಂದು ಕಾರ್ಖಾನೆಯಲ್ಲೇ ತೀರ್ಮಾನವಾಗಿದೆ. ನಿಮ್ಮ ಗಿಟಾರಿನ ತಂತಿ ತೆಳುವೋ ದಪ್ಪವೋ ಅದಕ್ಕೆ ಬೇಕಿಲ್ಲ. ಕುತ್ತಿಗೆ ಮೇಲಕ್ಕೆ ಹೋದಂತೆ ದಪ್ಪವಾಗುತ್ತದೆ, ಕ್ಲಿಪ್ ಇನ್ನಷ್ಟು ಬಾಯಿ ತೆರೆಯುತ್ತದೆ, ಸ್ಪ್ರಿಂಗ್ ಇನ್ನಷ್ಟು ಬಲವಾಗಿ ಕಚ್ಚುತ್ತದೆ. ಇಲ್ಲಿಂದ ನಿಜವಾದ ವಿಷಯ ಶುರು.

ತಂತಿ ಫ್ರೆಟ್ಟಿನ ಲೋಹದ ಮೇಲೆ ಗಟ್ಟಿಯಾಗಿ ಕೂತರೆ ಸ್ವರ ಬಂತು. ಆಮೇಲೂ ಒತ್ತುತ್ತಲೇ ಹೋದರೆ ಫ್ರೆಟ್ಟಿನ ಹಿಂದಿರುವ ತಂತಿ ಹಲಗೆಯ ಕಡೆಗೆ ಬಾಗುತ್ತದೆ, ಎಳೆತ ಹೆಚ್ಚುತ್ತದೆ, ಸ್ವರ ಏರುತ್ತದೆ. ಆರೂ ತಂತಿ ಒಂದೇ ಪ್ರಮಾಣದಲ್ಲಿ ಏರಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗುವುದಿಲ್ಲ. ನನ್ನ ಗಿಟಾರಿನಲ್ಲಿ ಮೊದಲು ಏರುವುದು ಆರನೆಯ ದಪ್ಪ ತಂತಿ, ಆಮೇಲೆ ಮೂರನೆಯದು. ಫ್ರೆಟ್ ಎತ್ತರವಿದ್ದಷ್ಟೂ ಈ ಕಾಟ ಜಾಸ್ತಿ. ಕ್ಯಾಪೋವನ್ನು ಎರಡು ಫ್ರೆಟ್ಟುಗಳ ನಟ್ಟನಡುವೆ ಹಾಕುವವರಿಗೆ ಇನ್ನೂ ಜಾಸ್ತಿ. ಅದು ಕೂರಬೇಕಾದದ್ದು ಫ್ರೆಟ್ಟಿಗೆ ತಾಗಿಕೊಂಡ ಹಾಗೆ, ಸ್ವಲ್ಪ ಹಿಂದೆ. ಫ್ರೆಟ್ಟಿನ ಮೇಲೆಯೇ ಹತ್ತಿದರೆ ಸ್ವರ ಮಂಕಾಗುತ್ತದೆ.

ಒಂದು ಫ್ರೆಟ್ಟಿನ ಅಂತರವನ್ನು ನೂರು ಸೆಂಟ್ ಎಂದು ಅಳೆಯುತ್ತಾರೆ. ಅದರಲ್ಲಿ ಏಳೆಂಟು ಸೆಂಟ್ ಹೆಚ್ಚಾದರೆ ಏನು ಮಹಾ ಎಂದು ಡ್ರಮ್ಸ್ ಗಿಟಾರುಗಳ ಮೇಳದಲ್ಲಿ ಕೇಳಬಹುದು. ನಮ್ಮಲ್ಲಿ ಪಕ್ಕದಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಕೂತಿರುತ್ತದೆ, ಒಂದು ಗಳಿಗೆಯೂ ಸುಮ್ಮನಿರದೆ ಷಡ್ಜ ಪಂಚಮ ಹಾಡುತ್ತಾ. ಮೊದಲೇ ಗಿಟಾರ್ ಸಮಪಾಲು ಹಂಚಿಕೆಯ ವಾದ್ಯ. ಅದರ ಅಂತರ ಗಾಂಧಾರ ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಎತ್ತರದಲ್ಲಿರುತ್ತದೆ. ಆ ಸಾಲದ ಮೇಲೆ ಕ್ಯಾಪೋ ಬೇರೆ ತನ್ನ ಬಡ್ಡಿ ಸೇರಿಸಿದರೆ ಹಾಡುವವರು ಹುಬ್ಬು ಗಂಟಿಕ್ಕುತ್ತಾರೆ. ಏನು ತಪ್ಪಾಗಿದೆ ಎಂದು ಅವರಿಗೆ ಹೇಳಲು ಬರದಿದ್ದರೂ ಯಾರ ಕಡೆ ನೋಡಬೇಕೆಂದು ಗೊತ್ತಿರುತ್ತದೆ. ಒಳ್ಳೆಯ ಕ್ಯಾಪೋ ಎಂದರೆ ಗಟ್ಟಿಯಾಗಿ ಒತ್ತುವುದಲ್ಲ. ಎಲ್ಲ ತಂತಿಯೂ ಜುರುಗುಟ್ಟದೆ ನುಡಿಯುವುದಕ್ಕೆ ಬೇಕಾದಷ್ಟು ಒತ್ತಿ ಅಲ್ಲಿಗೆ ನಿಲ್ಲಿಸುವುದು. ಕ್ಯಾಪೋಗಳ ನಡುವಿನ ವ್ಯತ್ಯಾಸವೆಲ್ಲ ಈ ನಿಲ್ಲಿಸುವ ಉಪಾಯದಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿ ರಿಕ್ ಶಬ್ ಎಂಬ ಬ್ಯಾಂಜೋ ವಾದಕ, ಡೇವ್ ಕೂಂಟ್ಜ್ ಎಂಬ ಗೆಳೆಯನ ಜತೆ ಸೇರಿ ಕಂಡುಕೊಂಡ ಉಪಾಯ ಲಿವರ್. ನನ್ನ ಕೈಯಲ್ಲಿ ಹೆಚ್ಚು ಸವೆದಿರುವುದು ಇದೇ. ನಿಕಲ್ ಬಣ್ಣದ ಎರಡು ತೋಳು. ಮೇಲಿನದಕ್ಕೆ ಮೆತ್ತನೆಯ ರಬ್ಬರಿನ ಕೊಳವೆ, ಕೆಳಗಿನದಕ್ಕೆ ಒಂದು ಲಿವರ್, ಲಿವರಿನ ಕೊನೆಗೆ ಉರುಟು ತಲೆಯ ಸ್ಕ್ರೂ. ಸ್ಕ್ರೂವನ್ನು ಒಮ್ಮೆ ನಿಮ್ಮ ಗಿಟಾರಿನ ಕುತ್ತಿಗೆಗೆ ಹೊಂದಿಸಿಕೊಂಡರೆ, ಆಮೇಲೆ ಲಿವರನ್ನು ಮಡಚಿದಾಗ ಅದು ನಡುಗೆರೆ ದಾಟಿ ಟಕ್ ಎಂದು ಕೂರುತ್ತದೆ. ಪ್ರತಿ ಸಲವೂ ಅದೇ ಬಿಗಿ. ರಬ್ಬರು ನಮ್ಮ ಬೆರಳ ತುದಿಯ ಮಾಂಸದಷ್ಟು ಮೆತ್ತಗೆ ಇರುವುದರಿಂದ ತಂತಿ ಅದರಲ್ಲಿ ಇಳಿದು ನಿಲ್ಲುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ರಬ್ಬರಿನ ಮೇಲೆ ಆರು ಗೆರೆ ಮೂಡುತ್ತವೆ, ಆರನೆಯದು ಎಲ್ಲಕ್ಕಿಂತ ಆಳ, ಸುತ್ತಿದ ತಂತಿಯ ಹುರಿಯ ಗುರುತೂ ಅದರಲ್ಲಿ ಅಚ್ಚಾಗಿರುತ್ತದೆ. ಆಗ ಕೊಳವೆಯನ್ನು ಕಳಚಿ ಅರ್ಧ ಸುತ್ತು ತಿರುಗಿಸಿ ಹಾಕಿದರೆ ಹೊಸದರಂತೆ ನಡೆಯುತ್ತದೆ. ಇದರ ತಾಪತ್ರಯವೆಂದರೆ ಎರಡನೇ ಫ್ರೆಟ್ಟಿನಿಂದ ಏಳಕ್ಕೆ ಹೋದಾಗ ಸ್ಕ್ರೂವನ್ನು ಕೊಂಚ ಸಡಿಲಿಸಬೇಕು. ಮೇಡಂ ಕಾಯುತ್ತಿರುವಾಗ ಆ ಕೊಂಚ ಬಹಳ ದೊಡ್ಡದು.

ಇಂಗ್ಲೆಂಡಿನ ನಿಕ್ ಕ್ಯಾಂಪ್ಲಿಂಗ್ 2000ದ ದಶಕದಲ್ಲಿ ಜಿ ಸೆವೆಂತ್ ಹೆಸರಿನಲ್ಲಿ ತಂದ ಕ್ಯಾಪೋ ಈ ತಾಪತ್ರಯಕ್ಕೂ ಮದ್ದು ಹುಡುಕಿತು. ಒಳಗೆ ಒಂದು ಕ್ಲಚ್. ಕೈಯಿಂದ ಹಿಂಡಿದಷ್ಟಕ್ಕೆ ನಿಲ್ಲುತ್ತದೆ, ಸಣ್ಣ ಗುಂಡಿ ಒತ್ತಿದರೆ ಬಿಡುತ್ತದೆ. ಅಂದರೆ ಆಂಡಲೂಸಿಯಾದ ಬಿರಡೆಯಲ್ಲಿದ್ದ ಅಧಿಕಾರ ತಿರುಗಿ ನುಡಿಸುವವನ ಬೆರಳಿಗೇ ಬಂತು, ಸ್ಪ್ರಿಂಗಿನ ವೇಗವೂ ಉಳಿಯಿತು. ಮುಂದೆ ಬಂದ ಒಂದು ಮಾದರಿಯಲ್ಲಿ ಹಲಗೆಯ ಉಬ್ಬಿಗೆ ತಕ್ಕಂತೆ ರಬ್ಬರು ತಾನೇ ಬಾಗಿಕೊಳ್ಳುವ ಏರ್ಪಾಟನ್ನೂ ಸೇರಿಸಿದರು. ನಮ್ಮ ಪೆನ್ಸಿಲಿನ ಸಮಸ್ಯೆ ಅಷ್ಟು ದೊಡ್ಡ ತಲೆಗಳಿಗೆ ಹೋಗಿ ತಟ್ಟಿತ್ತು ಎಂದು ತಿಳಿದಾಗ ನನಗೆ ಸಂತೋಷವೇ ಆಯಿತು. ಬೆಲೆ ಮಾತ್ರ, ಬೀದಿ ಬದಿಯ ಸ್ಪ್ರಿಂಗ್ ಕ್ಯಾಪೋ ಒಂದು ಡಜನ್ ಕೊಂಡರೂ ಹಣ ಮಿಗುವಷ್ಟು.

ಕುತ್ತಿಗೆಯ ಸುತ್ತ ಪೂರಾ ಬಳಸಿ ಹಿಂದೆ ಸ್ಕ್ರೂ ತಿರುಗಿಸುವ ಪೇಯ್ಜ್, ಎಲಿಯಟ್ ಮಾದರಿಗಳನ್ನು ಬ್ಲೂಗ್ರಾಸ್‌ನವರು ಮೆಚ್ಚುತ್ತಾರೆ. ಒತ್ತಡ ನೇರ ಹಿಂದಿನಿಂದ ಬರುವುದರಿಂದ ತಂತಿ ಪಕ್ಕಕ್ಕೆ ಸರಿಯುವುದಿಲ್ಲ. ಬೇಡವಾದಾಗ ತಂತಿಗಳು ಬಿರಡೆಯ ಕಡೆಗೆ ಇಳಿಯುವ ಜಾಗಕ್ಕೆ ತಳ್ಳಿಟ್ಟರೆ ಒಡವೆಯಂತೆ ಅಲ್ಲೇ ಇರುತ್ತದೆ. ತಲೆಯಿಲ್ಲದ ಗಿಟಾರ್ ಮಾಡಿ ಹೆಸರಾದ ನೆಡ್ ಸ್ಟೈನ್‌ಬರ್ಗರ್ ಕೂಡ ಡಿ ಅಡಾರಿಯೋ ಕಂಪನಿಗಾಗಿ ಒಂದು ಹಗುರವಾದ ಸ್ಕ್ರೂ ಕ್ಯಾಪೋ ವಿನ್ಯಾಸ ಮಾಡಿದ್ದಾನೆ. ಇನ್ನು ಥಾಲಿಯಾ ಎಂದು ಅಮೆರಿಕದಲ್ಲಿ ಒಂದಿದೆ: ಮರದ ಹೊದಿಕೆ, ಚಿಪ್ಪಿನ ಕುಸುರಿ, ಹಲಗೆಯ ಉಬ್ಬಿಗೆ ತಕ್ಕಂತೆ ಬದಲಿಸಲು ಬೇರೆ ಬೇರೆ ರಬ್ಬರು. ಮದುವೆ ಮನೆಗೆ ಹಾಕಿಕೊಂಡು ಹೋಗಬಹುದು.

ಇಷ್ಟೆಲ್ಲ ಆದ ಮೇಲೂ ಕ್ಯಾಪೋವನ್ನು ಎಲ್ಲಿ ಹಾಕಬೇಕೆಂಬುದು ಉಳಿಯುತ್ತದೆ, ನನಗಂತೂ ಅದೇ ಬಹಳ ರುಚಿಯ ಪ್ರಶ್ನೆ. ಸಿ ಶಾರ್ಪ್ ಹಾಡಿಗೆ ಕ್ಯಾಪೋ ಒಂದರಲ್ಲಿಟ್ಟು ಸಿ ಕಾರ್ಡ್ ಹಿಡಿಯಬಹುದು, ನಾಲ್ಕರಲ್ಲಿಟ್ಟು ಎ ಹಿಡಿಯಬಹುದು, ಆರರಲ್ಲಿಟ್ಟು ಜಿ ಹಿಡಿಯಬಹುದು. ಶ್ರುತಿ ಮೂರಕ್ಕೂ ಒಂದೇ, ನಾದ ಮೂರೂ ಬೇರೆ. ಒಂದರಲ್ಲಿ ಗಿಟಾರ್ ತನ್ನ ಪೂರ್ತಿ ಎದೆಯಿಂದ ಮಾತಾಡುತ್ತದೆ. ಏಳನೇ ಫ್ರೆಟ್ಟಿಗೆ ಬಂದರೆ 648 ಮಿಲಿಮೀಟರ್ ತಂತಿಯಲ್ಲಿ ಉಳಿಯುವುದು 432 ಮಿಲಿಮೀಟರ್ ಚಿಲ್ಲರೆ. ಮಂದ್ರ ಕಳಚಿಹೋಗಿ ಮ್ಯಾಂಡೊಲಿನ್ನಿನ ಹತ್ತಿರದ ತೆಳು ಹೊಳಪು ಬರುತ್ತದೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1969ರ ‘ಹಿಯರ್ ಕಮ್ಸ್ ದಿ ಸನ್’ ಹಾಡಿಗೆ ಕ್ಯಾಪೋ ಹಾಕಿದ್ದು ಏಳರಲ್ಲೇ. ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕಥೆ ಇನ್ನೂ ನಮ್ಮದರಂತಿದೆ: ಡಾನ್ ಫೆಲ್ಡರ್ ರಾಗ ಕಟ್ಟಿದ್ದು ಇ ಮೈನರಿನಲ್ಲಿ, ಡಾನ್ ಹೆನ್ಲಿಯ ಗಂಟಲಿಗೆ ಅದು ಒಗ್ಗಲಿಲ್ಲ, ಬಿ ಮೈನರಿಗೆ ಬಂದು ನಿಂತಿತು. ವೇದಿಕೆಯ ಮೇಲೆ ಫೆಲ್ಡರ್ ಹನ್ನೆರಡು ತಂತಿಯ ಗಿಟಾರಿಗೆ ಏಳನೇ ಫ್ರೆಟ್ಟಿನಲ್ಲಿ ಕ್ಯಾಪೋ ಹಾಕಿ ಇ ಮೈನರನ್ನೇ ಹಿಡಿಯುತ್ತಾನೆ. ಹಾಡುವವರ ಗಂಟಲಿನ ಮುಂದೆ ಅಲ್ಲೂ ಗಿಟಾರಿನವನ ಮಾತು ನಡೆಯಲಿಲ್ಲ.

ಎರಡು ಗಿಟಾರಿದ್ದರೆ ಇನ್ನೂ ಸೊಗಸು. ಒಬ್ಬರು ಬರಿಯ ಗಿಟಾರಿನಲ್ಲಿ ಜಿ ಹಿಡಿಯಲಿ, ಇನ್ನೊಬ್ಬರು ಐದರಲ್ಲಿ ಕ್ಯಾಪೋ ಹಾಕಿ ಡಿ ಹಿಡಿಯಲಿ. ಒಂದೇ ಕಾರ್ಡ್ ಎರಡು ಅಂತಸ್ತಿನಲ್ಲಿ ಕೇಳುತ್ತದೆ.

ಮೂರೇ ತಂತಿ ಒತ್ತುವ ಅರ್ಧ ಕ್ಯಾಪೋದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಐದು, ನಾಲ್ಕು, ಮೂರನೇ ತಂತಿಗಳನ್ನು ಮಾತ್ರ ಎರಡನೇ ಫ್ರೆಟ್ಟಿನಲ್ಲಿ ಒತ್ತಿ, ಉಳಿದ ಮೂರನ್ನು ಬಿಟ್ಟರೆ ಕೆಳಗಿನಿಂದ ಮೇಲಕ್ಕೆ ಸಿಗುವುದು ಇ, ಬಿ, ಇ, ಎ, ಬಿ, ಇ. ಗಿಟಾರ್ ಮೇಷ್ಟ್ರುಗಳು ಇದಕ್ಕೆ ಇ ಸಸ್ ಎನ್ನುತ್ತಾರೆ. ಇ ಅನ್ನು ಷಡ್ಜ ಮಾಡಿಕೊಂಡು ಓದಿ ನೋಡಿ: ಸ ಪ ಸ ಮ ಪ ಸ. ಬೆರಳೇ ಇಡದೆ ಮೀಟುತ್ತಾ ಹೋದರೆ ಮಂಚದ ಮೇಲೆ ಕೂತಲ್ಲೇ ತಂಬೂರಿ ಸಿಕ್ಕಿತು. ಅದರ ಮೇಲೆ ಮೊದಲನೇ ತಂತಿಯಲ್ಲಿ ಮೋಹನವನ್ನೋ ಹಂಸಧ್ವನಿಯನ್ನೋ ನಿಧಾನವಾಗಿ ಬಿಡಿಸುತ್ತಾ ಕೂತರೆ ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ಕ್ಯಾಪೋದ ದೋಷವೆಂದೇ ಪರಿಗಣಿಸಲಾಗಿದೆ.

ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ನನ್ನ ತೀರ್ಪು ಇದು. ಹಾಡಿನಿಂದ ಹಾಡಿಗೆ ಶ್ರುತಿ ಬದಲಾಗುವ ವೇದಿಕೆಯಾದರೆ ಸ್ಪ್ರಿಂಗಿನದು, ಹಾಕಿದ ಮೇಲೆ ಪ್ರತಿ ಸಲ ಶ್ರುತಿ ನೋಡಿಕೊಳ್ಳುವ ಅಭ್ಯಾಸದ ಜತೆ. ಮನೆಯಲ್ಲಿ ಅಥವಾ ರೆಕಾರ್ಡಿಂಗಿನಲ್ಲಿ ನುಡಿಸುವವರಿಗೆ ಲಿವರಿನದು. ದುಡ್ಡಿದ್ದು, ಕ್ಯಾಪೋ ಕಳೆಯದ ಗುಣವೂ ಇದ್ದರೆ ಕ್ಲಚ್ಚಿನದು. ಕೊಳ್ಳುವ ಮೊದಲು ನಿಮ್ಮ ಗಿಟಾರನ್ನೇ ಅಂಗಡಿಗೆ ಒಯ್ಯಿರಿ, ಅವರ ಗೋಡೆಯ ಮೇಲಿನದರಲ್ಲಿ ನೋಡಬೇಡಿ. ಬರಿಯ ತಂತಿಗಳನ್ನು ಟ್ಯೂನರಿನಲ್ಲಿ ಸರಿಮಾಡಿಕೊಂಡು, ಕ್ಯಾಪೋವನ್ನು ಒಮ್ಮೆ ಎರಡರಲ್ಲಿ, ಒಮ್ಮೆ ಐದರಲ್ಲಿ ಹಾಕಿ ಆರನೆಯದನ್ನೂ ಮೂರನೆಯದನ್ನೂ ಮೀಟಿ ನೋಡಿ. ಮುಳ್ಳು ಕದಲದಿದ್ದರೆ ಆಮೇಲೆ ಬೆಲೆ ಕೇಳಿ.